ಹೊಸ್ತಿಲೊಳಗಿನ ನೋವು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕನ್ನಡ ನಾಡಿನ ಮೂಲೆಮೂಲೆಗಳಲ್ಲಿ ಕೇಳಿಬರುತ್ತದೆ. ಒಂದೇ ಸೂರಿನಡಿಯಲ್ಲಿ ಬಾಳುವ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯುವುದು, ಮುನಿಸು ಮೂಡುವುದು, ಊಟದ ಹೊತ್ತಿಗೆ ಅದು ಕರಗಿಹೋಗುವುದು ಸಹಜ. ಗಾದೆಯನ್ನು ಕಟ್ಟಿದವರ ಕಣ್ಣಿನ ಮುಂದಿದ್ದುದು ಅಂತಹ ಜಗಳ. ಆದರೆ ಗಾದೆಗೆ ಒಂದು ದುರುಪಯೋಗವೂ ಉಂಟು. ಪಕ್ಕದ ಮನೆಯಿಂದ ಏಟಿನ ಸದ್ದೂ ಅದರ ಹಿಂದೆಯೇ ಅದುಮಿಟ್ಟ ಅಳುವೂ ಕೇಳಿಬಂದಾಗ, ಓಣಿಯ ಜನ ಇದೇ ಗಾದೆಯನ್ನು ಹೇಳಿ ತಮ್ಮ ಕದ ಮುಚ್ಚಿಕೊಳ್ಳುತ್ತಾರೆ. ಜಗಳವಾಡುವ ಇಬ್ಬರೂ ದನಿಯೆತ್ತಬಲ್ಲರು; ಇಬ್ಬರೂ ಬೇಕೆಂದಾಗ ಸುಮ್ಮನಾಗಬಲ್ಲರು. ಒಬ್ಬರು ಸದಾ ಹೆದರಿಸುವವರೂ ಇನ್ನೊಬ್ಬರು ಸದಾ ಹೆದರುವವರೂ ಆಗಿರುವಲ್ಲಿ ನಡೆಯುವುದನ್ನು ಜಗಳವೆಂದು ಕರೆಯಲಾಗದು. ಅದು ದೌರ್ಜನ್ಯ. ಇವೆರಡರ ಅಂತರವನ್ನು ಹೊಸ್ತಿಲಿನ ಹೊರಗಿರುವವರು ತಿಳಿಯುವುದು ಹೇಗೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಗಂಡನ ಮನೆಯಲ್ಲಿರುವ ಮಗಳು ಕರೆಯಲು ಬರುವ ಅಣ್ಣನ ದಾರಿ ಕಾಯುತ್ತಾಳೆ. ತವರಿಗೆ ಬಂದವಳು ಜೋಕಾಲಿ ಆಡಿ, ಗೆಳತಿಯರೊಡನೆ ಮಾತು ಮುಗಿಯದಷ್ಟು ಮಾತನಾಡಿ, ಉಂಡಿಯ ಬುತ್ತಿ ಕಟ್ಟಿಸಿಕೊಂಡು ಮರಳುತ್ತಾಳೆ. ಮದುವೆಯಾಗಿ ಬೇರೆ ಊರಿಗೆ ಹೋದ ಅಂತಹ ತರುಣಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಮೊದಲ ವರ್ಷದ ಪಂಚಮಿಗೆ ಅವಳು ಎಂಟು ದಿನ ಬಂದು ನಕ್ಕು ನಲಿದು ಹೋದಳು. ಎರಡನೆಯ ವರ್ಷ ಬಂದುದು ಎರಡೇ ದಿನಕ್ಕೆ. ಆ ಎರಡು ದಿನವೂ ಗಳಿಗೆಗೊಮ್ಮೆ ಗಂಡನ ದೂರವಾಣಿ ಕರೆ, ಪ್ರತಿ ಕರೆಗೂ ಅವಳು ಕೈಯಲ್ಲಿದ್ದುದನ್ನು ಬಿಟ್ಟು ಓಡುವುದು. ಮೂರನೆಯ ವರ್ಷ ಅಣ್ಣ ಕರೆಯಲು ಹೋದಾಗ ಅವಳು ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತ ಗಂಡ, “ಎಮ್ಮಿ ಈಯೂ ಹೊತ್ತೈತಿ, ಈ ಸಲ ಆಗೂದಿಲ್ಲ” ಎಂದುಬಿಟ್ಟ. ಅವಳು ಒಳಬಾಗಿಲಲ್ಲಿ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು ನಿಂತಿದ್ದಳು. ಅಣ್ಣ ಚಹಾ ಕುಡಿದು ಊರಿಗೆ ಮರಳಿದ. “ತಂಗಿ ಹೆಂಗದಾಳಪ್ಪ?” ಎಂದು ತಾಯಿ ಕೇಳಿದಾಗ, “ಚಲೋ ಅದಾಳವ್ವ” ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಿಗೆ ಗಾಯವೇನೂ ಬಿದ್ದಿರಲಿಲ್ಲ.

ದೌರ್ಜನ್ಯದ ಮೊದಲ ಗುರುತು ಗಾಯವೆಂದು ಭಾವಿಸುವುದರಿಂದಲೇ ಬಹುಮಂದಿ ಅದನ್ನು ತಡವಾಗಿ ಕಾಣುತ್ತಾರೆ. ಮೈಮೇಲೆ ಏಟು ಬೀಳುವ ಎಷ್ಟೋ ಮೊದಲು ಒಬ್ಬ ವ್ಯಕ್ತಿಯ ಬದುಕು ಎಲ್ಲ ಕಡೆಗಳಿಂದಲೂ ಕಿರಿದಾಗತೊಡಗುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಗೆ ತಪ್ಪದೆ ಬರುತ್ತಿದ್ದವಳು ಬರುವುದನ್ನು ನಿಲ್ಲಿಸುತ್ತಾಳೆ. ತಾನೇ ಹಾಲು ಹಿಂಡಿ ಡೇರಿಗೆ ಹಾಕಿದರೂ ಹಣ ಪಡೆಯಲು ಬರುವವನು ಗಂಡ. ಅವಳ ಕೈಗೆ ಬಸ್ಸಿನ ಚಾರ್ಜಿಗೂ ಕಾಸಿಲ್ಲ. ಅಂಗಡಿಯಿಂದ ಮರಳಲು ಹತ್ತು ನಿಮಿಷ ತಡವಾದರೆ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಯಾರ ಮನೆಗೆ ಹೋದೆ, ಯಾರೊಡನೆ ಮಾತನಾಡಿದೆ, ಏಕೆ ನಕ್ಕೆ ಎಂಬುದಕ್ಕೆಲ್ಲ ಲೆಕ್ಕ ಒಪ್ಪಿಸಬೇಕು. ಅವಳ ಮೊಬೈಲನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ, ಇಲ್ಲವೆ ಕಿತ್ತಿಟ್ಟುಕೊಳ್ಳುತ್ತಾರೆ. ಯಾರಾದರೂ ಅವಳನ್ನೇ ನೇರವಾಗಿ ಏನನ್ನಾದರೂ ಕೇಳಿದರೆ, ಉತ್ತರ ಕೊಡುವ ಮುನ್ನ ಅವಳ ಕಣ್ಣು ಗಂಡನ ಮುಖದ ಕಡೆಗೆ ಹೊರಳುತ್ತದೆ. ನೆಂಟರ ಎದುರಿಗೆ ಅವನು ಅವಳ ಅಡುಗೆಯನ್ನು, ಬಣ್ಣವನ್ನು, ಬುದ್ಧಿಯನ್ನು ಹಳಿದು ನಗುತ್ತಾನೆ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಪ್ಪತಕ್ಕ ಕಾರಣವೊಂದು ಇದ್ದೇ ಇರುತ್ತದೆ. ಎಮ್ಮೆ ನಿಜವಾಗಿಯೂ ಈಯುವ ಹೊತ್ತಿರಬಹುದು. ಆದುದರಿಂದ ನೋಡಬೇಕಾದುದು ಒಂದು ದಿನದ ಒಂದು ಸಂಗತಿಯನ್ನಲ್ಲ. ವರ್ಷದಿಂದ ವರ್ಷಕ್ಕೆ ಬದುಕು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು.

ಭಾರತದ ಕಾನೂನು ಈ ಸತ್ಯವನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಎಂಬ ಕಲಮನ್ನು ಸೇರಿಸಿ, ಗಂಡನಾಗಲಿ ಅವನ ಬಂಧುಗಳಾಗಲಿ ವಿವಾಹಿತೆಯ ಮೇಲೆ ಎಸಗುವ ಕ್ರೌರ್ಯವನ್ನು ಅಪರಾಧವೆಂದು ಸಾರಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯವು 85 ಮತ್ತು 86ನೆಯ ಕಲಮುಗಳಲ್ಲಿದೆ. ಆದರೆ ಕ್ರೌರ್ಯದ ಪೂರ್ಣ ಸ್ವರೂಪವನ್ನು ಬಿಡಿಸಿ ಹೇಳಿದುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮ. ಅದು ಜಾರಿಗೆ ಬಂದುದು 2006ರ ಅಕ್ಟೋಬರ್ 26ರಂದು. ದೈಹಿಕ ಹಿಂಸೆ ಹಾಗೂ ಲೈಂಗಿಕ ಹಿಂಸೆಗಳ ಸಾಲಿನಲ್ಲಿಯೇ ಮಾತಿನ ಮತ್ತು ಭಾವನೆಯ ಹಿಂಸೆಯನ್ನೂ ಆರ್ಥಿಕ ಹಿಂಸೆಯನ್ನೂ ಅದು ಇರಿಸಿತು. ಗಂಡುಮಗುವನ್ನು ಹೆರಲಿಲ್ಲವೆಂದು ಹೀಯಾಳಿಸುವುದು, ಅವಳಿಗೆ ಬೇಕಾದವರಿಗೆ ನೋವು ಕೊಡುವೆನೆಂದು ಮತ್ತೆ ಮತ್ತೆ ಬೆದರಿಸುವುದು, ಮನೆಯ ವೆಚ್ಚಕ್ಕೆ ಹಣ ಕೊಡದಿರುವುದು, ಅವಳ ಒಡವೆಯನ್ನು ಮಾರಿಕೊಳ್ಳುವುದು ಇವೆಲ್ಲವೂ ಈಗ ಕಾನೂನಿನ ದೃಷ್ಟಿಯಲ್ಲಿ ಹಿಂಸೆಯೇ. ‘ಅವನು ಒಂದು ದಿನವೂ ಕೈ ಎತ್ತಿದವನಲ್ಲ’ ಎಂಬ ಸಮರ್ಥನೆ ಹಳೆಯ ಕಾಲದ್ದಾಯಿತು.

ಗಾಯವು ಮೂಡಿದಾಗಲೂ ಅದನ್ನು ಓದಲು ಕಲಿಯಬೇಕಾಗುತ್ತದೆ. ವೈದ್ಯಶಾಸ್ತ್ರವೇ ಇದನ್ನು ಕಲಿತುದು ಇತ್ತೀಚೆಗೆ, ಅದೂ ಮಕ್ಕಳ ಮೂಲಕ. ನ್ಯೂಯಾರ್ಕಿನ ಜಾನ್ ಕ್ಯಾಫೀ ಎಂಬ ವೈದ್ಯರು 1946ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದ ಆರು ಶಿಶುಗಳ ಕ್ಷ-ಕಿರಣ ಚಿತ್ರಗಳನ್ನು ಅವರು ಪರಿಶೀಲಿಸಿದ್ದರು. ಆ ಎಳೆಯ ಕೈಕಾಲುಗಳ ನೀಳ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಮೂಳೆಗಳು ಮುರಿದುದಕ್ಕೆ ತಂದೆತಾಯಿಯರು ಹೇಳಿದ ವೃತ್ತಾಂತದಲ್ಲಿ ಕಾರಣವೇ ಇರಲಿಲ್ಲ. ಮಗುವನ್ನು ಮನೆಯವರೇ ಹೊಡೆದಿರಬಹುದೆಂದು ಬಾಯಿಬಿಟ್ಟು ಹೇಳುವ ಧೈರ್ಯ ಆ ಕಾಲಕ್ಕೆ ಸುಲಭವಾಗಿರಲಿಲ್ಲ. ಹದಿನಾರು ವರ್ಷಗಳ ಅನಂತರ, 1962ರಲ್ಲಿ, ಡೆನ್ವರ್ ನಗರದ ಹೆನ್ರಿ ಕೆಂಪ್ ಮತ್ತು ಅವರ ಸಂಗಡಿಗರು ಆ ಮಾತನ್ನು ಆಡಿದರು. ಅಮೆರಿಕದ 71 ಆಸ್ಪತ್ರೆಗಳಿಂದ ಅವರಿಗೆ ಒಂದು ವರ್ಷದ ಅವಧಿಯ 302 ಪ್ರಕರಣಗಳ ವಿವರ ದೊರೆತಿತ್ತು. ಅವುಗಳಲ್ಲಿ 33 ಮಕ್ಕಳು ತೀರಿಕೊಂಡಿದ್ದರು. ಕೆಂಪ್ ಅವರು ವೈದ್ಯರಿಗೆ ತೋರಿಸಿಕೊಟ್ಟ ಮುಖ್ಯ ಸುಳಿವುಗಳು ಎರಡು: ಬೇರೆ ಬೇರೆ ಸಮಯದಲ್ಲಿ ಆಗಿ, ಮಾಯುವ ಬೇರೆ ಬೇರೆ ಹಂತದಲ್ಲಿರುವ ಪೆಟ್ಟುಗಳು; ಕಣ್ಣಿಗೆ ಕಾಣುವ ಗಾಯಕ್ಕೂ ಕಿವಿಗೆ ಬೀಳುವ ಕಥೆಗೂ ಹೊಂದಿಕೆಯಿಲ್ಲದಿರುವುದು.

ಈ ಎರಡನೆಯ ಸುಳಿವು ದೊಡ್ಡವರ ವಿಷಯದಲ್ಲಿಯೂ ಅಷ್ಟೇ ನಿಜ. ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಅಂಗೈ, ಮೊಣಕೈ, ಮಂಡಿ, ಸೊಂಟಗಳಿಗೆ. ಜಾರಿ ಬಿದ್ದವಳ ಕಣ್ಣಿನ ಸುತ್ತ ಕಪ್ಪಗಾಗಿದ್ದರೆ, ಕಿವಿಯ ಹಿಂದೆ ಬಾವು ಇದ್ದರೆ, ಎರಡೂ ತೋಳುಗಳಲ್ಲಿ ಬೆರಳು ಒತ್ತಿದಂತಹ ಗುರುತುಗಳಿದ್ದರೆ ಬಚ್ಚಲಿನ ಕಥೆಯನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ತಲೆಗೆ ಬೀಳುವ ಏಟನ್ನು ತಡೆಯಲು ಕೈ ಅಡ್ಡ ಹಿಡಿದಾಗ ಮುಂಗೈಯಲ್ಲಿ ಕಿರುಬೆರಳಿನ ಕಡೆಗಿರುವ ಮೂಳೆ ಮುರಿಯುವುದುಂಟು. ವೈದ್ಯರಿಗೆ ಇದು ಪರಿಚಿತವಾದ ಮುರಿತ. ಬಟ್ಟೆ ಮುಚ್ಚುವ ಜಾಗಗಳನ್ನೇ ಹುಡುಕಿ ಹೊಡೆಯುವವರೂ ಇದ್ದಾರೆ. ಸಿಟ್ಟಿನಲ್ಲಿ ಬುದ್ಧಿ ಕೆಟ್ಟು ಹೊಡೆದೆನೆಂದು ಹೇಳುವವನ ಬುದ್ಧಿ, ಏಟು ಕಾಣದ ಜಾಗವನ್ನು ಆರಿಸುವಷ್ಟು ನೆಟ್ಟಗೆ ಇರುವುದು ಗಮನಿಸತಕ್ಕ ವಿಷಯ. ಬಿರುಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ, ಪೆಟ್ಟಾಗಿ ನಾಲ್ಕಾರು ದಿನ ಕಳೆದ ಮೇಲೆ ಆಸ್ಪತ್ರೆಗೆ ಬರುವುದು, ವೈದ್ಯರ ಕೋಣೆಯಲ್ಲಿ ಪಕ್ಕ ಬಿಡದೆ ನಿಂತು ಅವಳ ಪರವಾಗಿ ತಾನೇ ಉತ್ತರಿಸುವ ಗಂಡ ಇವೂ ಗುರುತುಗಳೇ. ಎಲ್ಲಕ್ಕಿಂತ ಅಪಾಯಕರವಾದುದು ಕುತ್ತಿಗೆ ಹಿಸುಕುವುದು. ಅದು ಹೊರಗೆ ಯಾವ ಕಲೆಯನ್ನೂ ಉಳಿಸದೆ ಹೋಗಬಹುದು. ದನಿ ಒಡೆಯುವುದು, ನುಂಗಲು ನೋವಾಗುವುದು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆಗಳು ಮೂಡುವುದು ಮಾತ್ರ ಅದರ ಕುರುಹು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲೆಗೂ ಹೇಸದಿರುವ ಸಂಭವ ಹೆಚ್ಚೆಂದು ಇಂತಹ ಪ್ರಕರಣಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಒಳಬಾಗಿಲಲ್ಲಿ ನಿಂತ ತಂಗಿಯ ಸೆರಗು ಅಣ್ಣನಿಗೆ ಏನನ್ನೋ ಹೇಳಬಹುದಾಗಿತ್ತು.

ಗುರುತುಗಳನ್ನು ಕಂಡೂ ಕಾಣದಂತಿದ್ದುದರ ಫಲವನ್ನು ನಮ್ಮ ನಾಡು ಕಂಡಿದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಅಪರೂಪವಾಗಿರಲಿಲ್ಲ. ಮನೆಯಲ್ಲಿ ಇಷ್ಟು ಜನರಿರುವಾಗ ಎಳೆಯ ಸೊಸೆಯೊಬ್ಬಳನ್ನೇ ಆರಿಸಿಕೊಂಡು ಸಿಡಿಯುವ ಸ್ಟೌ ನಿಜಕ್ಕೂ ವಿಚಿತ್ರವಾದ ಯಂತ್ರ! ಬೆಂಗಳೂರಿನ ‘ವಿಮೋಚನಾ’ ಎಂಬ ಮಹಿಳಾ ಸಂಘಟನೆ 1990ರ ದಶಕದಲ್ಲಿ ಇಂತಹ ಸಾವುಗಳ ಜಾಡು ಹಿಡಿದು ಹೊರಟಾಗ, ಅಡುಗೆಮನೆಯ ಅಪಘಾತವೆಂದು ಮುಚ್ಚಿಹೋದ ಎಷ್ಟೋ ಪ್ರಕರಣಗಳ ಹಿಂದೆ ಕಿರುಕುಳದ ಕಥೆಗಳು ಹೊರಬಿದ್ದವು. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಅವಳನ್ನು ಪೀಡಿಸಿದ್ದುದು ಕಂಡುಬಂದರೆ ಅದನ್ನು ವರದಕ್ಷಿಣೆ ಸಾವೆಂದು ಪರಿಗಣಿಸಬೇಕೆಂದು 1986ರಲ್ಲಿಯೇ ಕಾನೂನು ವಿಧಿಸಿತ್ತು.

ಇಷ್ಟಾದರೂ ಅವಳು ಏಕೆ ಹೇಳುವುದಿಲ್ಲ, ಏಕೆ ಹೊರಟು ಬರುವುದಿಲ್ಲ ಎಂದು ಕೇಳುವವರುಂಟು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದವರು ದೇಶದಲ್ಲಿ ನೂರಕ್ಕೆ ಸುಮಾರು 29 ಮಂದಿ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 44 ಮಂದಿ. ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರ ಪೈಕಿ ನೂರಕ್ಕೆ 77 ಮಂದಿ ಯಾರ ನೆರವನ್ನೂ ಬೇಡಿರಲಿಲ್ಲ, ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ. ಮೌನಕ್ಕೆ ಕಾರಣಗಳು ಕಡಿಮೆಯಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂದು ತವರು ಬೆಳೆಸಿರುತ್ತದೆ. ತಾನು ಮರಳಿದರೆ ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ ಇರುತ್ತದೆ. ಮಕ್ಕಳನ್ನು ಯಾರು ನೋಡುವರು, ಕೈಯಲ್ಲಿ ಹಣವಿಲ್ಲದೆ ಎಲ್ಲಿರುವುದು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಇವುಗಳ ಜೊತೆಗೆ ಇನ್ನೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಅವರು 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂತಹ ಮನೆಗಳಲ್ಲಿ ಹಿಂಸೆಯು ಚಕ್ರದಂತೆ ಸುತ್ತುವುದನ್ನು ವಿವರಿಸಿದರು. ಕೆಲವು ದಿನ ಮನೆಯಲ್ಲಿ ಬಿಗುವು ಏರುತ್ತದೆ, ಒಂದು ದಿನ ಅದು ಸಿಡಿಯುತ್ತದೆ, ಅನಂತರ ಅವನು ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಹೂವು ತರುತ್ತಾನೆ, ಇನ್ನು ಮುಂದೆ ಹೀಗಾಗದೆಂದು ದೇವರ ಮುಂದೆ ಆಣೆ ಮಾಡುತ್ತಾನೆ. ಆಣೆಯ ದಿನಗಳ ಗಂಡನೇ ನಿಜವಾದ ಗಂಡನೆಂದು ಅವಳು ನಂಬುತ್ತಾಳೆ. ಎಲ್ಲ ಮನೆಗಳಲ್ಲೂ ಚಕ್ರ ಇದೇ ಕ್ರಮದಲ್ಲಿ ತಿರುಗುವುದಿಲ್ಲ. ಕೆಲವೆಡೆ ಹೂವಿನ ದಿನಗಳು ಬರುವುದೇ ಇಲ್ಲ. ಆದರೂ ಹೊಡೆದವನ ಪರವಾಗಿ ಹೊಡೆಸಿಕೊಂಡವಳೇ ವಾದಿಸುವುದು ಏಕೆಂಬುದು ಇದರಿಂದ ತಕ್ಕಮಟ್ಟಿಗೆ ತಿಳಿಯುತ್ತದೆ. ಅಲ್ಲದೆ, ಬಿಟ್ಟು ಹೊರಡುವೆನೆಂದು ಅವಳು ತಿಳಿಸಿದ ಗಳಿಗೆ ಮತ್ತು ಹೊರಟ ಹೊಸತು ಅತ್ಯಂತ ಅಪಾಯದ ಸಮಯ. ಅವಳ ಹಿಂಜರಿಕೆಯನ್ನು ಹೇಡಿತನವೆಂದು ಹಳಿಯುವವರು ಈ ಅಪಾಯವನ್ನು ಅರಿತಿರುವುದಿಲ್ಲ. ಅವಳು ಮಾತ್ರ ಅರಿತಿರುತ್ತಾಳೆ.

ದೊಡ್ಡವರು ಮುಚ್ಚಿಟ್ಟುದನ್ನು ಮಕ್ಕಳ ನಡೆ ಬಿಚ್ಚಿ ತೋರಿಸುವುದುಂಟು. ರಾತ್ರಿಯೆಲ್ಲ ಎಚ್ಚರವಾಗಿದ್ದ ಮಗು ತರಗತಿಯಲ್ಲಿ ತೂಕಡಿಸುತ್ತದೆ. ವೈದ್ಯರಿಗೆ ಕಾರಣ ದೊರೆಯದ ಹೊಟ್ಟೆನೋವು ಅದಕ್ಕೆ ಆಗಾಗ ಬರುತ್ತದೆ. ಪಕ್ಕದ ಕೋಣೆಯಲ್ಲಿ ಬೆಂಚು ಬಿದ್ದ ಸದ್ದಿಗೆ ಬೆಚ್ಚಿ ಬೀಳುತ್ತದೆ. ಕೊನೆಯ ಗಂಟೆ ಹೊಡೆದಾಗ ಎಲ್ಲರೂ ಓಡಿದರೆ ಅದೊಂದು ಮಗು ಮಾತ್ರ ಚೀಲ ಕಟ್ಟಲು ಅರ್ಧ ಗಂಟೆ ಮಾಡುತ್ತದೆ. ಗೆಳೆಯರ ಮನೆಗೆ ಹೋಗುತ್ತದೆ, ತನ್ನ ಮನೆಗೆ ಯಾರನ್ನೂ ಕರೆಯುವುದಿಲ್ಲ. ಒಂದು ಮಗು ತನಗಿಂತ ಚಿಕ್ಕವರನ್ನು ಹೊಡೆದರೆ, ಇನ್ನೊಂದು ಅತಿ ವಿಧೇಯವಾಗಿ ಯಾರ ಕಣ್ಣಿಗೂ ಬೀಳದಂತೆ ಬದುಕುತ್ತದೆ. ಅದನ್ನು ‘ಜಾಣ ಮಗು’ ಎಂದು ಹೊಗಳುವುದೂ ಉಂಟು. ತಾಯಿಗೆ ಬೀಳುವ ಏಟಿಗೆ ಅಡ್ಡ ಹೋಗಿ ತಾನು ಪೆಟ್ಟು ತಿನ್ನುವ ಹುಡುಗರಿದ್ದಾರೆ. ಮನೆಯಲ್ಲಿ ನಡೆಯುವುದಕ್ಕೆ ತಾನೇ ಕಾರಣವೆಂದು, ತನಗೆ ಅಂಕ ಕಡಿಮೆ ಬಂದುದರಿಂದಲೇ ಅಪ್ಪನಿಗೆ ಸಿಟ್ಟು ಬಂತೆಂದು ನಂಬುವ ಮಕ್ಕಳು ಬಹಳ. ಆ ನಂಬಿಕೆ ನಿಜವಲ್ಲ. ಹೊಡೆಯುವ ಕೈಗೆ ಹೊಡೆಯುವವನೇ ಹೊಣೆ.

ಹಿಂಸೆಗೆ ಈಡಾಗುವವರಲ್ಲಿ ಗಂಡಸರೂ ಇದ್ದಾರೆ. ನಗೆಪಾಟಲಾಗುವೆನೆಂಬ ಭಯ ಅವರ ಬಾಯಿ ಕಟ್ಟುತ್ತದೆ. ಮಗನ ಹೆಸರಿಗೆ ಹೊಲ ಬರೆದುಕೊಟ್ಟ ಮರುತಿಂಗಳಿನಿಂದ ಹಿತ್ತಲ ಕೋಣೆಗೆ ಸರಿದ ಮುದುಕರೂ ಇದ್ದಾರೆ. ಅವರಿಗಾಗಿ 2007ರಲ್ಲಿ ಪ್ರತ್ಯೇಕ ಕಾನೂನೊಂದು ಬಂದಿದೆ; 14567 ಎಂಬ ಸಹಾಯವಾಣಿಯೂ ಇದೆ.

ಒಂದೇ ಒಂದು ಗುರುತನ್ನು ಕಂಡು ಒಂದು ಮನೆಯ ಮೇಲೆ ಅಪವಾದ ಹೊರಿಸುವುದು ಸಲ್ಲದು. ಜಾರಿ ಬಿದ್ದವರು ನಿಜವಾಗಿಯೂ ಜಾರಿ ಬಿದ್ದಿರಬಹುದು. ತೂಕಡಿಸುವ ಹುಡುಗನು ಜಾತ್ರೆಯ ಬಯಲಾಟ ನೋಡಿ ಬಂದಿರಬಹುದು. ಅನೇಕ ಗುರುತುಗಳು ಒಟ್ಟಾಗಿ, ಪದೇ ಪದೇ ಕಾಣಿಸಿಕೊಂಡಾಗ ಮಾತ್ರ ಸಂದೇಹಕ್ಕೆ ಬಲ ಬರುತ್ತದೆ. ಆಗಲೂ ಮೊದಲು ಮಾಡಬೇಕಾದುದು ಕೇಳುವುದು, ಅದೂ ಅವಳು ಒಬ್ಬಳೇ ಇರುವಾಗ. ಹೆದರಿಸುವವನ ಎದುರಿನಲ್ಲಿ ಕೇಳಿದರೆ ಅವಳು ಇಲ್ಲವೆನ್ನುವುದು ಖಂಡಿತ, ರಾತ್ರಿ ಅದಕ್ಕೂ ಏಟು ತಿನ್ನುವುದು ಸಂಭವ. “ನೀನೇನು ಮಾಡಿದ್ದೆ?” ಎಂಬ ಪ್ರಶ್ನೆಯಂತೂ ಬಾಯಿಂದ ಬರಬಾರದು. ಶಾಲೆಯ ಮಕ್ಕಳು ತಾವಾಗಿಯೇ ನಡುವೆ ನುಗ್ಗಿ ಬಿಡಿಸಲು ಹೋಗುವುದು ಅಪಾಯ. ತಮ್ಮ ಮನೆಯ ವಿಷಯವೇ ಆಗಿರಲಿ, ಗೆಳತಿಯ ಮನೆಯದೇ ಆಗಿರಲಿ, ನಂಬುಗೆಯ ಶಿಕ್ಷಕರಿಗೊ ಅಂಗನವಾಡಿ ಕಾರ್ಯಕರ್ತೆಗೊ ತಿಳಿಸಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ, ಜೀವಭಯವಿದ್ದಾಗ 112ಕ್ಕೆ ಕರೆ ಮಾಡಬಹುದು. ಈ ಕರೆಗಳಿಗೆ ಹಣ ಬೇಕಿಲ್ಲ.

2005ರ ಅಧಿನಿಯಮದ ಪ್ರಕಾರ ನೊಂದವಳೇ ಬಂದು ದೂರಬೇಕೆಂದಿಲ್ಲ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾರ್ಯವನ್ನು ನಿರ್ವಹಿಸುತ್ತ ಬಂದಿದ್ದಾರೆ. ಅಧಿಕಾರಿ ನಡೆದುದನ್ನು ವರದಿಯಾಗಿ ಬರೆದು ನ್ಯಾಯಾಧೀಶರಿಗೆ ಸಲ್ಲಿಸುತ್ತಾರೆ. ಅರ್ಜಿ ಬಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು, ಅರವತ್ತು ದಿನಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ಆಚರಣೆಯಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ಆದರೆ ಒಂದು ವಿಷಯ ಸ್ಪಷ್ಟ: ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಕಾನೂನಿನ ಕ್ರಮವಿಲ್ಲದೆ ಅವಳನ್ನು ಅಲ್ಲಿಂದ ಹೊರಹಾಕುವಂತಿಲ್ಲ.

ಮುಂದಿನ ಶ್ರಾವಣಕ್ಕೆ ಅಣ್ಣ ಮತ್ತೆ ಆ ಊರಿಗೆ ಹೋಗುವನಷ್ಟೆ. ಅವನು ಕಟ್ಟೆಯ ಮೇಲೆ ಕುಳಿತು ಎಮ್ಮೆಯ ಸುದ್ದಿ ಕೇಳಿ ಎದ್ದುಬರಬೇಕಾಗಿಲ್ಲ. ತಂಗಿ ನೀರಿಗೆ ಹೊರಟಾಗ ಕೊಡ ಹಿಡಿದು ಜೊತೆಗೆ ನಡೆಯಬಹುದು, “ಈ ಮನ್ಯಾಗ ನಿನಗ ಅಂಜಿಕಿ ಆಗತೈತೇನವ್ವ?” ಎಂದು ಮೆಲ್ಲನೆ ಕೇಳಬಹುದು. ಅವಳು ಆ ದಿನ ಏನನ್ನೂ ಹೇಳದಿರಬಹುದು. ಮೊದಲ ಸಲ ಕೇಳಿದಾಗಲೇ ಬಾಯಿಬಿಡುವವರು ವಿರಳ. 181 ಎಂಬ ಸಂಖ್ಯೆಯನ್ನು ಚೀಟಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಬರೆದುಕೊಡದೆ ಬಾಯಿಪಾಠ ಮಾಡಿಸಿ, ತವರಿನ ಬಾಗಿಲು ಯಾವ ಹೊತ್ತಿನಲ್ಲಿ ಬಂದರೂ ತೆರೆದಿರುತ್ತದೆಂದು ತಿಳಿಸಿ, ದೀಪಾವಳಿಗೆ ಮತ್ತೆ ಬರುವೆನೆಂದು ಹೇಳಿ ಬರಬೇಕು. ಹೇಳಿದಂತೆ ದೀಪಾವಳಿಗೆ ಹೋಗಬೇಕು.